ಬಾಡಿಗೆ ನೋಡಿ ಯಾರೂ ಸಂಬಳ ಕೊಡುವುದಿಲ್ಲ

"ಅಲ್ಲಿ ಖರ್ಚು ಜಾಸ್ತಿ, ಅದಕ್ಕೇ ಸಂಬಳ ಜಾಸ್ತಿ." ಮ್ಯೂನಿಕ್‌ಗೆ ಬಂದಾಗಿನಿಂದ, ಅಲ್ಲಿ ಸಂಬಳ ಯಾಕೆ ಜಾಸ್ತಿ ಎಂದು ಊರಲ್ಲಿ ಕೇಳಿದವರಿಗೆಲ್ಲ ನಾನು ಕೊಡುತ್ತಿದ್ದ ಉತ್ತರ ಇದು. ಹೋದ ಸಲ ಹಾಸನಕ್ಕೆ ಹೋದಾಗ ಚಿಕ್ಕಮ್ಮನ ಮಗ ಒಂದೇ ಮಾತಲ್ಲಿ ಅದನ್ನು ಕೆಡವಿದ: "ಅಣ್ಣಾ, ಹಾಗಾದ್ರೆ ಬೆಂಗಳೂರಲ್ಲಿ ನನ್ನ ಬಾಡಿಗೆ ಏರಿದಾಗ ಸಂಬಳಾನೂ ಏರ್ಬೇಕಿತ್ತಲ್ವಾ?"

ಹೌದಲ್ಲ! ಜರ್ಮನಿಯಲ್ಲಿ ಮ್ಯೂನಿಕ್‌ನಷ್ಟು ಬಾಡಿಗೆ ಇರುವ ದೊಡ್ಡ ಊರು ಇನ್ನೊಂದಿಲ್ಲ. ಆದರೂ ಅಮೆರಿಕದ ಸಿಯಾಟಲ್‌ನಲ್ಲಿ ನನ್ನಂಥದೇ ಕೆಲಸ ಮಾಡುವ ಗೆಳೆಯನ ಅರ್ಧ ಸಂಬಳವೂ ನನಗಿಲ್ಲ. ಕಂಪನಿ ನೋಡುವುದು ನಮ್ಮ ಬಾಡಿಗೆಯನ್ನಲ್ಲ; ನಾವು ಬಿಟ್ಟುಹೋದರೆ ಪಕ್ಕದ ಕಂಪನಿ ಎಷ್ಟು ಕೊಟ್ಟೀತು ಎಂಬುದನ್ನು. ಇದೊಂದು ಹರಾಜು: ಕೂಗುವವರು, ಅಂದರೆ ಕೆಲಸಕ್ಕೆ ಕರೆಯುವ ಕಂಪನಿಗಳು, ಹೆಚ್ಚಿದ್ದಲ್ಲಿ ಸಂಬಳ ಏರುತ್ತದೆ, ಬಾಡಿಗೆ ಅದರ ಬೆನ್ನು ಹತ್ತುತ್ತದೆ. ಕ್ಯಾಲಿಫೋರ್ನಿಯಾದಲ್ಲಿ "ಎದುರಾಳಿ ಕಂಪನಿ ಸೇರಬೇಡ" ಎಂಬ ಕರಾರಿಗೆ 1872ರಿಂದಲೂ ಬೆಲೆಯಿಲ್ಲ; ಹಾಗಾಗಿ ಅಲ್ಲಿ ಪಕ್ಕದ ಕಂಪನಿ ಸಲೀಸಾಗಿ ಕೂಗಬಹುದು. ತಮಾಷೆಯೆಂದರೆ ನಮ್ಮ ಕರಾರು ಕಾಯ್ದೆಯೂ 1872ರದೇ, ಅದರ 27ನೇ ಕಲಮೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ಆದರೆ ತಮ್ಮನಿಗೆ 90 ದಿನದ ನೋಟಿಸ್ ಪೀರಿಯಡ್, ಬಿಡುತ್ತೇನೆ ಎಂದ ಮೇಲೂ ಅಷ್ಟು ದಿನ ದುಡಿಯಬೇಕು. ಅಷ್ಟು ದಿನ ಕಾಯುವ ಕಂಪನಿ ಎಷ್ಟಿದ್ದಾವು?

ನನ್ನ ಸಂಬಳದ ಚೀಟಿಯಲ್ಲಿ ಪಿಂಚಣಿಗೆ ಶೇ. 9.3, ನಿರುದ್ಯೋಗ ವಿಮೆಗೆ ಶೇ. 1.3, ಮೇಲೆ ಆರೋಗ್ಯ ವಿಮೆ, ತೆರಿಗೆ. ಕೈಗೆ ಬರುವುದು ಐದರಲ್ಲಿ ಮೂರು ಪಾಲು. ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಒಂದು ಚಳಿಗಾಲ ಮಂಜುಗಡ್ಡೆ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡೆ. ಐದು ವಾರ ಕೀಬೋರ್ಡ್ ಮುಟ್ಟಲಿಲ್ಲ, ಸಂಬಳ ಪೂರ್ತಿ ಬಂತು. ಆರು ವಾರದವರೆಗೆ ಕೊಡಲೇಬೇಕೆಂದು ಇಲ್ಲಿ ಕಾನೂನಿದೆ. ಸಿಯಾಟಲ್‌ನ ಗೆಳೆಯ ಎಚ್‌-1ಬಿ ವೀಸಾದವನು, ಅಂದರೆ ಕೆಲಸಕ್ಕೆ ಕಟ್ಟಿದ ವೀಸಾ. ಕೆಲಸ ಹೋದರೆ 60 ದಿನದಲ್ಲಿ ಇನ್ನೊಂದು ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು.

ಅಪ್ಪನ ಕಣ್ಣಿನ ಆಪರೇಷನ್ ಸಮಯದಲ್ಲಿ ಎರಡು ತಿಂಗಳು ಹಾಸನದಿಂದಲೇ ಕೆಲಸ ಮಾಡುತ್ತೇನೆ ಎಂದು ಕೇಳಿದ್ದೆ. ವರ್ಷಕ್ಕೆ 20 ದಿನ ಮಾತ್ರ ಎಂದರು. ನಾನು ಅಲ್ಲೇ ಬೇರೂರಿದರೆ ಕಂಪನಿಗೆ ಭಾರತದಲ್ಲೊಂದು ಶಾಖೆ ಇದ್ದಂತಾಗಿ ಅಲ್ಲೂ ತೆರಿಗೆ ಕಟ್ಟಬೇಕಾದೀತೆಂಬ ಭಯ ಅವರಿಗೆ. "ಖಾಯಂ ಹೋಗುವುದಾದರೆ ಹೋಗಿ, ಆದರೆ ಭಾರತದ ಸಂಬಳ" ಎಂದರು. ಅದೇ ಲ್ಯಾಪ್‌ಟಾಪ್, ಅದೇ ಮೀಟಿಂಗು! ಇದರಲ್ಲಿ ಗುಟ್ಟೇನಿಲ್ಲ. ಊರಿಗೊಂದು ಸಂಬಳವೆಂದು ಸಾಫ್ಟ್‌ವೇರ್ ಕಂಪನಿ ಗಿಟ್‌ಲ್ಯಾಬ್ ಬಹಿರಂಗವಾಗಿಯೇ ಲೆಕ್ಕ ಇಟ್ಟಿತ್ತು. ಎಲ್ಲಿದ್ದರೂ ಸ್ಯಾನ್‌ ಫ್ರಾನ್ಸಿಸ್ಕೋ ಮಟ್ಟದ ಸಂಬಳ ಎಂದ ಬೇಸ್‌ಕ್ಯಾಂಪ್‌ನಂಥ ಕಂಪನಿಗಳು ಬೆರಳೆಣಿಕೆ.

ತಮ್ಮನಿಗೀಗ ಸಿಯಾಟಲ್‌ನ ಒಂದು ಸ್ಟಾರ್ಟ್‌ಅಪ್ ಡಾಲರ್‌ನಲ್ಲಿ ಕೊಡುತ್ತೇನೆ ಎಂದಿದೆ, ಕಾಂಟ್ರಾಕ್ಟರ್ ಆಗಿ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ರಜೆ ಹಾಕಿದ ದಿನ ದುಡ್ಡಿಲ್ಲ. ಅವರ ಬೆಳಗಿನ 9ರ ಮೀಟಿಂಗು ಇವನಿಗೆ ರಾತ್ರಿ 9.30, ಚಳಿಗಾಲದಲ್ಲಿ 10.30. "ಸೇರಲಾ ಅಣ್ಣಾ?" ಎಂದ. ಸೇರು ಎಂದೆ. ಕೂಗುವವನೊಬ್ಬ ಹೆಚ್ಚಾದನಲ್ಲ. ಆದರೆ ಆಫರ್ ಲೆಟರ್‌ನಲ್ಲಿ ನೋಟಿಸ್ ಎಷ್ಟು ದಿನ ಎಂದಿದೆ ನೋಡು ಎಂದೆ.

"ಏಳು ದಿನ," ಎಂದ. "ಅವರಿಗೂ ಏಳೇ."