ಓಪಿಡಿಯಲ್ಲಿ ಯಾರೂ ‘ಖಿನ್ನತೆ’ ಅನ್ನುವುದಿಲ್ಲ

ಎಂಎಸ್ಸಿ ಸೈಕಾಲಜಿ ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಡಿಪ್ರೆಷನ್ನಿನ ಒಂಬತ್ತು ಲಕ್ಷಣಗಳೂ ಬಾಯಿಪಾಠವಾಗಿರುತ್ತವೆ. ಅದೇ ವಿದ್ಯಾರ್ಥಿ ಜಿಲ್ಲಾಸ್ಪತ್ರೆಯ ಓಪಿಡಿಯಲ್ಲಿ ಕೂತಾಗ ಎದುರಿನ ಹೆಂಗಸು ‘ಮೈಯೆಲ್ಲ ಉರೀತೈತ್ರಿ, ಎದಿ ಡವಡವ ಅಂತೈತಿ, ಯಾವುದ್ರಾಗೂ ಮನಸಿಲ್ಲ’ ಅಂದರೆ ಪೆನ್ನು ನಿಂತುಬಿಡುತ್ತದೆ. ಇದು ಆ ವಿದ್ಯಾರ್ಥಿಯ ದಡ್ಡತನ ಅಲ್ಲ. ಎರಡು ವರ್ಷ ಇಂಗ್ಲಿಷಿನಲ್ಲಿ ಓದಿಸಿ, ಇಂಗ್ಲಿಷಿನಲ್ಲಿ ಕೇಸ್ ಬರೆಸಿ, ಕನ್ನಡದಲ್ಲಿ ಕೇಳಿಸಿಕೊಳ್ಳುವುದನ್ನು ಒಂದು ಗಂಟೆಯೂ ಕಲಿಸದ ಕೋರ್ಸಿನ ತಪ್ಪು. ‘ಸಾಮಾಜಿಕ ನ್ಯಾಯ’ ಅನ್ನುವುದನ್ನು ಸಿಲಬಸ್ಸಿನ ಕೊನೆಯ ಯೂನಿಟ್ಟಿಗೆ ತಳ್ಳಿಬಿಟ್ಟಿದ್ದೇವೆ. ನನ್ನ ಪ್ರಕಾರ ಅದು ಕೇಸ್ ಹಿಸ್ಟರಿಯ ಮೊದಲ ಪ್ರಶ್ನೆಯಲ್ಲೇ ಶುರುವಾಗಬೇಕು.

‘ಬೇಜಾರು’ ಅನ್ನುವ ಒಂದೇ ಪದ ತೆಗೆದುಕೊಳ್ಳಿ. ದುಃಖಕ್ಕೂ ಬೇಜಾರು, ಗಂಡನ ಮೇಲಿನ ಮುನಿಸಿಗೂ ಬೇಜಾರು, ಕೆಲಸವಿಲ್ಲದೆ ಕೂತರೂ ಬೇಜಾರು. ಅದನ್ನು ಹಾಗೇ ‘ಲೋ ಮೂಡ್’ ಎಂದು ಬರೆದುಕೊಂಡರೆ ಅರ್ಧ ಕೇಸು ಅಲ್ಲೇ ಕೆಟ್ಟಿತು. ‘ಬೇಜಾರು ಅಂದ್ರೆ ಹೆಂಗೆ? ಅಳು ಬರೋ ಥರಾನಾ, ಸಿಟ್ಟು ಬರೋ ಥರಾನಾ, ಏನೂ ಬೇಡ ಅನ್ನಿಸೋ ಥರಾನಾ?’ ಎಂದು ಬಿಡಿಸಿ ಕೇಳಬೇಕು. ಕೇಳಿ ಸುಮ್ಮನಿರಬೇಕು. ಉತ್ತರಕ್ಕೆ ಮುಂಚೆಯೇ ಮುಂದಿನ ಪ್ರಶ್ನೆಗೆ ಹಾರುವುದು ಹೊಸಬರು ಮಾಡುವ ದೊಡ್ಡ ತಪ್ಪು.

ಗಮನ, ನೆನಪು, ಯೋಚನೆ ಹೇಗಿದೆ ಎಂದು ಎದುರಿಗೇ ಕೂರಿಸಿ ನೋಡುವ ಮೆಂಟಲ್ ಸ್ಟೇಟಸ್ ಎಕ್ಸಾಮಿನೇಷನ್ನಿನಲ್ಲಂತೂ ಶಾಲೆಗೆ ಹೋಗದವರಿಗೆ ಅನ್ಯಾಯ ಆಗುವುದು ನಮಗೆ ಗೊತ್ತೇ ಆಗುವುದಿಲ್ಲ. ನೂರರಿಂದ ಏಳೇಳು ಕಳೆಯಿರಿ ಅಂದರೆ ಓದದ ಅಜ್ಜಿ ತಬ್ಬಿಬ್ಬಾಗುತ್ತಾರೆ, ನಾವು ಏಕಾಗ್ರತೆ ಇಲ್ಲ ಎಂದು ಬರೆಯುತ್ತೇವೆ. ಇಪ್ಪತ್ತರಿಂದ ಒಂದೊಂದು ಕಳೆಯಲು ಹೇಳಿ, ಅದೂ ಕಷ್ಟ ಅನ್ನಿಸಿದರೆ ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸಿ. ಲೆಕ್ಕ ನೋಡಬೇಕಿದ್ದರೆ ‘ಐವತ್ತು ರೂಪಾಯಿ ಕೊಟ್ಟು ಮೂವತ್ತೈದರ ಟೊಮೆಟೊ ತಗೊಂಡ್ರೆ ಚಿಲ್ಲರೆ ಎಷ್ಟು ವಾಪಸ್ ಬರ್ಬೇಕು?’ ಎಂದು ಕೇಳಿ. ತಾರೀಖು ಗೊತ್ತಿಲ್ಲದವರಿಗೆ ಇವತ್ತು ಯಾವ ವಾರ, ಅಮಾವಾಸ್ಯೆ ಆಯ್ತಾ, ಸಂತೆ ಯಾವಾಗ ಅನ್ನುವುದು ಚೆನ್ನಾಗಿ ಗೊತ್ತಿರುತ್ತದೆ. ಕೇಳಿದ್ದು ಯಾವ ಪ್ರಶ್ನೆ, ಬಂದ ಉತ್ತರ ಯಾವುದು ಎಂದು ಅವರ ಮಾತಿನಲ್ಲೇ ಬರೆದಿಡಿ.

ಸಾಯುವ ಯೋಚನೆಯ ಬಗ್ಗೆ ಕೇಳಲು ವಿದ್ಯಾರ್ಥಿಗಳು ಹೆದರುತ್ತಾರೆ, ಕೇಳಿದರೆ ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು. ಹಾಗೆ ಆಗುವುದಿಲ್ಲ. ‘ಬದುಕಿ ಏನು ಪ್ರಯೋಜನ ಅನ್ನಿಸಿದ್ದುಂಟಾ?’ ಎಂದು ಶುರುಮಾಡಿ, ‘ಜೀವ ಕಳ್ಕೊಳ್ಳೋ ಯೋಚನೆ ಬಂದಿದೆಯಾ?’ ಎಂದು ನೇರವಾಗಿ ಕೇಳಿ, ಆಮೇಲೆ ಹೇಗೆ ಎಂದು ಯೋಚಿಸಿದ್ದಾರಾ ಎಂಬುದಕ್ಕೆ ಬನ್ನಿ. ಹೊಲ ಇರುವ ಮನೆಯಾದರೆ ಬೆಳೆಗೆ ಹೊಡೆಯುವ ಔಷಧಿ ಎಲ್ಲಿ ಇಟ್ಟಿದ್ದಾರೆ ಎಂದು ಕೇಳಲೇಬೇಕು. ಸಾಯುವ ಯೋಚನೆ ಇದೆ ಎಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಅದೇ ಕ್ಷಣ ಸೂಪರ್‌ವೈಸರಿಗೆ ತಿಳಿಸಿ. ಇಪ್ಪತ್ತನಾಲ್ಕು ಗಂಟೆಯೂ ಕನ್ನಡದಲ್ಲಿ ಸಿಗುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡಿ.

ಇನ್ನು ಕೇಸ್ ಫಾರ್ಮುಲೇಷನ್, ಅಂದರೆ ಕಾಯಿಲೆ ಯಾಕೆ ಬಂತು, ಯಾಕೆ ಹೋಗುತ್ತಿಲ್ಲ ಎಂದು ಬರೆಯುವುದು. ಹಣಕಾಸಿನ ಕಾಲಮ್ಮಿನಲ್ಲಿ ‘ಬಡತನ’ ಎಂದು ಒಂದು ಪದ ಗೀಚಿ ಮುಂದೆ ಹೋಗುವುದನ್ನು ದಯವಿಟ್ಟು ಬಿಡಿ. ನಿದ್ದೆ ಬರಲ್ಲ ಎನ್ನುವವರನ್ನು ‘ವಾರದಲ್ಲಿ ಯಾವ ರಾತ್ರಿ ಬರಲ್ಲ?’ ಎಂದು ಕೇಳಿ ನೋಡಿ. ಸಂಘದ ಕಂತು ಕಟ್ಟುವ ಹಿಂದಿನ ರಾತ್ರಿ ಎಂಬ ಉತ್ತರ ಬಂದರೆ, ಆ ಕಂತು ಕಾಯಿಲೆಯನ್ನು ಮುಂದುವರಿಸುವ ಕಾರಣಗಳ ಸಾಲಿನಲ್ಲಿ ಇರಬೇಕು. ಹಾಗೆಯೇ ಹಾಸ್ಟೆಲಿನಲ್ಲಿ ಜಾತಿ ಕಾರಣಕ್ಕೆ ಊಟಕ್ಕೆ ಬೇರೆ ಕೂರಿಸಿದ ಹುಡುಗ ಮಾತು ನಿಲ್ಲಿಸಿದ್ದರೆ ‘ಅಂತರ್ಮುಖಿ ಸ್ವಭಾವ’ ಎಂದು ಬರೆಯುವುದು ತಪ್ಪು ರೋಗನಿರ್ಣಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಜಾತಿ, ವರ್ಗ, ಲಿಂಗ, ಲೈಂಗಿಕ ಒಲವು ಯಾವುದರ ಮೇಲೂ ಭೇದವಿಲ್ಲದ ಚಿಕಿತ್ಸೆಯನ್ನು ಹಕ್ಕು ಎಂದೇ ಹೇಳುತ್ತದೆ.

ಪರೀಕ್ಷೆಗಳ ವಿಷಯಕ್ಕೆ ಬಂದರೆ, ಬಿನೆ-ಕಾಮತ್ ಬುದ್ಧಿಮಾಪನ ಪರೀಕ್ಷೆಯನ್ನು 1930ರ ದಶಕದಲ್ಲಿ ಕನ್ನಡ, ಮರಾಠಿ ಮಕ್ಕಳ ಮೇಲೆಯೇ ರೂಪಿಸಿದರು. ಆ ಕಾಲಕ್ಕೆ ಅದು ದೊಡ್ಡ ಕೆಲಸ. ಆದರೆ ಅದರ ಅಳತೆ ಹಳೆಯದು, ಐಕ್ಯೂ ಅಂಕಿ ನೋಡಿ ಕೊಡುವ ಅಂಗವಿಕಲ ಪ್ರಮಾಣಪತ್ರದ ಮೇಲಾದರೋ ಮಗುವಿನ ಇಡೀ ಭವಿಷ್ಯ ನಿಂತಿರುತ್ತದೆ. ಮನೆಯಲ್ಲಿ ಲಂಬಾಣಿ, ತುಳು ಅಥವಾ ಉರ್ದು ಆಡುವ ಮಗುವಿಗೆ ಕನ್ನಡದ ಪ್ರಶ್ನೆ ಎರಡನೇ ಭಾಷೆಯ ಪ್ರಶ್ನೆ. ಬರೀ ಐಕ್ಯೂ ಅಂಕಿ ಬರೆದು ಸಹಿ ಹಾಕದೆ ಪರೀಕ್ಷೆ ಯಾವ ಭಾಷೆಯಲ್ಲಿ ಆಯಿತು, ಮಗು ಎಷ್ಟು ವರ್ಷ ಶಾಲೆಗೆ ಹೋಗಿದೆ, ಮನೆಯಲ್ಲಿ ಯಾವ ಕೆಲಸ ತಾನೇ ಮಾಡುತ್ತದೆ ಎಂಬುದನ್ನೂ ವರದಿಯಲ್ಲಿ ಸೇರಿಸಿ.

ಕೆಲಸದ ದಾರಿಯ ಬಗ್ಗೆ ವಿದ್ಯಾರ್ಥಿಗಳಿಗೆ ಸರಿಯಾಗಿ ಹೇಳುವವರೇ ಕಡಿಮೆ. ಎಂಎಸ್ಸಿ ಮುಗಿಸಿದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕುವಂತಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಬೇಕು. ನೋಂದಣಿ ಇಲ್ಲದೆ ಕೆಲಸ ಮಾಡಿದರೆ 1992ರ ಆರ್‌ಸಿಐ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು ಶಿಕ್ಷೆಯೂ ಇದೆ. ಇಷ್ಟು ದಿನ ಆ ನೋಂದಣಿಯ ಮುಖ್ಯ ಬಾಗಿಲು ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ ನಡೆಯುವ ಎರಡು ವರ್ಷದ ಎಂಫಿಲ್. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನಿಯಮದಲ್ಲಿ ಎಂಫಿಲ್ಲನ್ನೇ ಕೈಬಿಟ್ಟು, ಕ್ಲಿನಿಕಲ್ ಸೈಕಾಲಜಿಗೆ 2025-26ರ ಪ್ರವೇಶದವರೆಗೆ ವಿನಾಯಿತಿ ಕೊಟ್ಟಿತು. ಹಾಗಾಗಿ ಯಾವ ಕಾಲೇಜಿಗೂ ಮುಂಗಡ ಕಟ್ಟುವ ಮೊದಲು ಆ ಕೋರ್ಸು, ಆ ವರ್ಷ, ಆರ್‌ಸಿಐ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ನೀವೇ ನೋಡಿಕೊಳ್ಳಿ. ಕಾಲೇಜಿನವರ ಬಾಯಿಮಾತು ಸಾಲದು.

2025ರಲ್ಲಿ ಯುಜಿಸಿ ದೂರಶಿಕ್ಷಣದ ಸೈಕಾಲಜಿಯನ್ನೂ ನಿಲ್ಲಿಸಿತು. ಮನುಷ್ಯರನ್ನು ನೋಡದೆ ಕಲಿಯುವ ವಿದ್ಯೆ ಇದಲ್ಲ, ಒಪ್ಪುತ್ತೇನೆ. ಆದರೆ ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವರು ಯಾರು? ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳು, ಕೆಲಸ ಬಿಡಲಾಗದ ನರ್ಸುಗಳು, ಶಾಲಾ ಶಿಕ್ಷಕರು. ಈ ಬಾಗಿಲು ಮುಚ್ಚುವಾಗ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಂಜೆ ಬ್ಯಾಚು, ಹೆಚ್ಚು ಸೀಟು ಕೊಡಬೇಕಿತ್ತು. ಇಲ್ಲದಿದ್ದರೆ ದುಬಾರಿ ಖಾಸಗಿ ಕಾಲೇಜಿನ ಫೀಸು ಕಟ್ಟಬಲ್ಲವರೇ ನಾಳೆ ಊರಿನವರ ಸಂಕಟ ಕೇಳಲು ಕೂರುತ್ತಾರೆ.

ದುಡ್ಡು ಕೊಟ್ಟು ಮಾಡುವ ಇಂಟರ್ನ್‌ಶಿಪ್ ಇನ್ನೊಂದು ಸೋಸುವ ಜರಡಿ. ಹಣ ಕಟ್ಟುವ ಮೊದಲು ಮೂರು ಮಾತು ಕೇಳಿ: ಸೂಪರ್‌ವೈಸರ್‌ಗೆ ಆರ್‌ಸಿಐ ನೋಂದಣಿ ಸಂಖ್ಯೆ ಇದೆಯಾ, ಕೇಸಿನ ಎದುರು ಎಷ್ಟು ಗಂಟೆ ಕೂರಿಸುತ್ತಾರೆ, ಬರೆದ ಕೇಸುಗಳನ್ನು ತಿದ್ದಿ ಸಹಿ ಹಾಕುತ್ತಾರಾ. ಝೂಮ್‌ನಲ್ಲಿ ಉಪನ್ಯಾಸ ಕೇಳಿಸಿ ಕೊಡುವ ಸರ್ಟಿಫಿಕೇಟು ಸಂದರ್ಶನದಲ್ಲಿ ನೆರವಾಗುವುದಿಲ್ಲ, ಅಲ್ಲಿ ಕೇಳುವುದು ನೀವು ನೋಡಿದ ಕೇಸಿನ ಬಗ್ಗೆ. ಅದಕ್ಕಿಂತ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಾಲೂಕು ಆಸ್ಪತ್ರೆಯಲ್ಲಿ ನಡೆಸುವ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ಕೂರುವುದು ಮೇಲು. ವಿಭಾಗದ ಮುಖ್ಯಸ್ಥರಿಂದ ಪತ್ರ ಬರೆಸಿ, ಯಾವ ತಾರೀಖಿನಿಂದ ಎಷ್ಟು ದಿನ, ನೋಡಲು ಮಾತ್ರ ಎಂದು ಸ್ಪಷ್ಟವಾಗಿ ನಮೂದಿಸಿ, ಗೋಪ್ಯತೆಯ ಮುಚ್ಚಳಿಕೆಯನ್ನು ಜೊತೆಗಿಟ್ಟು ಜಿಲ್ಲಾ ಕಾರ್ಯಕ್ರಮಾಧಿಕಾರಿಗೆ ಕೊಡಿ. ಫೋಟೋ ಬೇಡ, ನೋಟ್‌ಬುಕ್ಕಿನಲ್ಲಿ ಹೆಸರು, ಊರು ಬೇಡ.

ಹೋಗುವ ಮುಂಚೆ ಗೆಳೆಯರನ್ನು ಎದುರಿಗೆ ಕೂರಿಸಿಕೊಂಡು ಈ ಮಾತನ್ನು ಪುಸ್ತಕ ನೋಡದೆ ಹೇಳಲು ಬರುವವರೆಗೆ ಅಭ್ಯಾಸ ಮಾಡಿ: ‘ನೀವು ಹೇಳಿದ್ದು ಚಿಕಿತ್ಸೆ ಕೊಡೋರನ್ನ ಬಿಟ್ಟು ಬೇರೆ ಯಾರಿಗೂ ಹೋಗಲ್ಲ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ರೆ, ಮಗು ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ರೆ ಮಾತ್ರ ಹೇಳಲೇಬೇಕಾಗುತ್ತೆ. ನಾನಿನ್ನೂ ಕಲೀತಿರೋಳು. ನಾನು ಇಲ್ಲಿ ಕೂರೋದು ಬೇಡ ಅಂದ್ರೆ ಎದ್ದು ಹೋಗ್ತೀನಿ, ನಿಮ್ಮ ಚಿಕಿತ್ಸೆಗೆ ಏನೂ ತೊಂದರೆ ಆಗಲ್ಲ.’