ಕರೆದ್ರೆ ಬರೋ ಏಲಿಯನ್

'ಏಲಿಯನ್: ಅರ್ಥ್' ಟಿವಿ ಸರಣಿ ಇನ್ನೂ ನೋಡದವರು ಇಲ್ಲೇ ನಿಲ್ಲಿಸಿ. ಕೊನೆಯ ಕಂತಿನವರೆಗೂ ಎಲ್ಲ ಹೇಳಿಬಿಡುತ್ತೇನೆ, ಆಮೇಲೆ ಬೈಬೇಡಿ.

ಎರಡನೇ ಸಲ ನೋಡಿ ಮುಗಿಸಿದೆ, ಎಂಟೂ ಕಂತು. ಮೊದಲ ಸಲ ನೋಡಿದ್ದು 2025ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ವಾರಕ್ಕೊಂದು ಬರುತ್ತಿದ್ದಾಗ. ಸಕಲೇಶಪುರದ ಮಳೆಗಾಲ ಗೊತ್ತಲ್ಲ, ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳೋಕಾಗಲ್ಲ. ಐದನೇ ಕಂತನ್ನು ನಾನು ಮೂರು ಕಂತಾಗಿ ನೋಡಿದ್ದೇನೆ.

ಹಾಸನದಲ್ಲಿರುವ ಚಿಕ್ಕಪ್ಪನ ಮಗ ಅವತ್ತಿಂದಲೂ ಜಗಳಕ್ಕೆ ನಿಂತಿದ್ದಾನೆ. "ಇದು ಏಲಿಯನ್ನೇ ಅಲ್ಲ ಬಿಡಣ್ಣ, ನಾಯಿ ಸಾಕೋ ಕಥೆ" ಅನ್ನುತ್ತಾನೆ. ಅವನೊಬ್ಬನೇ ಅಲ್ಲ. ಹಳೇ ಚಿತ್ರಗಳ ಅಭಿಮಾನಿಗಳಲ್ಲಿ ತುಂಬ ಜನರ ದೂರು ಹೆಚ್ಚುಕಡಿಮೆ ಇದೇ. ನನಗೂ ಒಂದು ದೂರಿದೆ. ಆದರೆ ಅವರು ಹೇಳೋದೆಲ್ಲ ಒಪ್ಪೋಕಾಗಲ್ಲ.

ಮೊದಲನೇ ದೂರು ತೀರಾ ಸುಲಭದ್ದು. 1979ರ ಮೊದಲ 'ಏಲಿಯನ್' ಚಿತ್ರದ ಕಥೆ ನಡೆಯೋದು 2122ರಲ್ಲಿ, ಈ ಸರಣಿಯದು 2120ರಲ್ಲಿ. ಎರಡು ವರ್ಷ ಮೊದಲೇ ಬೇರೆ ಲೋಕದ ಆ ಕೊಲ್ಲುವ ಪ್ರಾಣಿ ಭೂಮಿಗೆ ಬಂದಿತ್ತು ಅಂದರೆ ಆಮೇಲೆ ಚಿತ್ರದ ಬಾಹ್ಯಾಕಾಶ ಹಡಗಿನವರಿಗೆ ಅದೇನು ಅಂತ ಗೊತ್ತೇ ಇರಲಿಲ್ಲವಾ? ಗೊತ್ತಿರಲಿಲ್ಲ ಮಾರಾಯ್ರೇ, ಕೆಲಸದವರಿಗೆ ಗೊತ್ತಿರಲಿಲ್ಲ, ಹಡಗಿನ ಮಾಲೀಕ ಕಂಪನಿಗೆ ಗೊತ್ತಿತ್ತು! ಪ್ರಾಣಿಯನ್ನು ಹಿಡಿದು ತನ್ನಿ, ಸಿಬ್ಬಂದಿ ಸತ್ತರೂ ಪರವಾಗಿಲ್ಲ ಅಂತ ಗುಟ್ಟಾಗಿ ಆದೇಶ ಕೊಟ್ಟಿದ್ದೇ ಆ ಚಿತ್ರದ ತಿರುಳು ಅಲ್ವಾ? ಪಾಪ, ಅವರು ಬೋನಸ್ ಬಗ್ಗೆ ಗೊಣಗುತ್ತಾ ಕೂತಿದ್ದ ಜನ. ಹಾಗಾಗಿ ಸರಣಿಯ ಐದನೇ ಕಂತಿನಲ್ಲಿ ವಿಜ್ಞಾನಿ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ, ಒಳಗಿದ್ದ ಬೇರೆ ಲೋಕದ ಹುಳ ಹೊರಗೆ ಬಂದು ನೀರಿನ ಬಾಟಲಿಗೆ ಸೇರಿಕೊಂಡಾಗ "ಇಷ್ಟು ದಡ್ಡರಿರ್ತಾರಾ" ಅಂತ ಕೇಳಿದವರಿಗೆ ನನ್ನ ಉತ್ತರ, ಇರ್ತಾರೆ. ನಮ್ಮ ತೋಟದಲ್ಲಿ ಔಷಧಿ ಹೊಡೆದ ಕೈಯಲ್ಲೇ ಎಲೆ ಅಡಿಕೆ ಹಾಕೋರಿಗೆ ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ.

ಎರಡನೇ ದೂರು, ಪ್ರಾಣಿಯನ್ನು ಹಗಲಲ್ಲಿ ಪೂರ್ತಿ ತೋರಿಸಿಬಿಟ್ಟರು ಅನ್ನೋದು. ಇದು ಸ್ವಲ್ಪ ಯೋಚನೆ ಮಾಡುವಂಥದ್ದೇ. ಮೊದಲ ಚಿತ್ರ ನಾನು ನೋಡಿದ್ದು ಕೇಬಲ್ ಕಾಲದಲ್ಲಿ, ಅಪ್ಪ ಮಲಗಿದ ಮೇಲೆ, ಟಿವಿ ಸೌಂಡ್ ಪೂರ್ತಿ ಕಮ್ಮಿ ಮಾಡಿಕೊಂಡು. ಸೌಂಡ್ ಇಲ್ಲದೇನೂ ಬೆವರಿದ್ದೆ. ಅದರಲ್ಲಿ ಪ್ರಾಣಿ ಕಾಣೋದೇ ಅಪರೂಪ. ಕಲಾವಿದ ಗೀಗರ್ ಬರೆದ ಆ ಆಕಾರದ ವೇಷ ತೊಟ್ಟವನು ನೈಜೀರಿಯಾದ ಬೊಲಾಜಿ ಬಡೇಜೊ, ಹತ್ತಿರ ಹತ್ತಿರ ಏಳಡಿ ಎತ್ತರದ ಮನುಷ್ಯ. ಜಾಸ್ತಿ ತೋರಿಸಿದರೆ ಒಳಗೆ ಮನುಷ್ಯ ಇದ್ದಾನೆ ಅಂತ ಗೊತ್ತಾಗಿಬಿಡುತ್ತದಲ್ಲ, ಅದಕ್ಕೇ ನಿರ್ದೇಶಕ ರಿಡ್ಲಿ ಸ್ಕಾಟ್ ಕತ್ತಲಲ್ಲಿ, ಹೊಗೆಯಲ್ಲಿ ಒಂದು ಬಾಲ, ಒಂದು ತಲೆ ಅಷ್ಟೇ ತೋರಿಸಿದ್ದು.

ಹಾಗಂತ ಬೆಳಕಿಗೆ ಬಂದರೆ ಭಯ ಹೋಗುತ್ತದೆ ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ. ನಮ್ಮ ಕಡೆ ಕಾಡಾನೆ ಕಾಣೋದು ಹಗಲಲ್ಲೇ. ಬೆಳಿಗ್ಗೆ ಒಂಬತ್ತಕ್ಕೆ, ಒಳ್ಳೇ ಬಿಸಿಲಲ್ಲಿ, ರಸ್ತೆ ಮಧ್ಯ. ಭೀಮ, ಕ್ಯಾಪ್ಟನ್ ಅಂತ ಹೆಸರಿಟ್ಟಿದ್ದೇವೆ. ಕೆಲವು ಆನೆಗಳ ಕೊರಳಿಗೆ ರೇಡಿಯೋ ಕಾಲರ್ ಇದೆ, ಯಾವ ತೋಟದಲ್ಲಿದೆ ಅಂತ ಅರಣ್ಯ ಇಲಾಖೆಯಿಂದ ಮೆಸೇಜೂ ಬರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಕಾಫಿ ಗಿಡದ ಸಾಲಲ್ಲಿ ಒಣ ಕೊಂಬೆ ಲಟಕ್ ಅಂದರೆ ಎದೆ ಝಲ್ ಅನ್ನುತ್ತದೆ. ಹೆಸರಿಟ್ಟ ಮಾತ್ರಕ್ಕೆ ಅದು ನಮ್ಮ ಮಾತು ಕೇಳುತ್ತದಾ? ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸತ್ತಿದ್ದು ಇಲ್ಲೇ, ಯಸಳೂರಿನಲ್ಲಿ, ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ. ಅವತ್ತು ನಮ್ಮ ಲೈನ್ ಮನೆಗಳಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಅದಕ್ಕೇ ನನ್ನ ದೂರು ಬೆಳಕಿನ ಮೇಲಲ್ಲ, ಸರಣಿಯ ನಾಯಕಿ ವೆಂಡಿ ಮೇಲೆ. ಸಾಯುತ್ತಿರುವ ಮಗುವಿನ ಮನಸ್ಸನ್ನು ಯಂತ್ರದ ಮೈಗೆ ಹಾಕುವ ಐಡಿಯಾ ಚೆನ್ನಾಗಿದೆ. ವೆಂಡಿ ಪಾತ್ರದಲ್ಲಿ ಸಿಡ್ನಿ ಚಾಂಡ್ಲರ್ ದೊಡ್ಡವಳ ಮೈಯಲ್ಲಿ ಹನ್ನೆರಡು ವರ್ಷದ ಹುಡುಗಿಯಾಗಿ ಮಾಡಿರುವುದೂ ಚೆನ್ನಾಗಿದೆ. ಆ ಹುಡುಗಿ ಬಾಯಲ್ಲಿ ಕಟಕಟ ಸದ್ದು ಮಾಡಿ, ಆಗ ತಾನೇ ಹುಟ್ಟಿದ ಏಲಿಯನ್ ಮರಿಯ ತಲೆ ಸವರುವವರೆಗೂ ನಾನು ಜೊತೆಗಿದ್ದೆ. ಮರಿ ಅಲ್ವಾ, ಆನೆಮರಿಯೂ ಸವರಿಸಿಕೊಳ್ಳುತ್ತದೆ. ಆದರೆ ಅದು ದೊಡ್ಡದಾದ ಮೇಲೂ ಅವಳು ಕರೆದಾಗೆಲ್ಲ ಬಂದು, ತೋರಿಸಿದವರನ್ನು ಕೊಂದು, ಅವಳನ್ನೂ ಅವಳ ಅಣ್ಣನನ್ನೂ ಬಿಟ್ಟು ನಿಂತರೆ ನಾನು ಯಾಕೆ ಹೆದರಲಿ? ಕೊನೆಯ ಕಂತಿನಲ್ಲಿ ವೆಂಡಿಯಂಥ ಯಂತ್ರದ ಮೈಯ ಮಕ್ಕಳೆಲ್ಲ ಸೇರಿ ದೊಡ್ಡವರನ್ನು ಪಂಜರಕ್ಕೆ ಹಾಕುವಾಗ ಖುಷಿಯಾಯಿತು, ನಿಜ. ಅದರಲ್ಲೂ ಯಾವಾಗಲೂ ಬರಿಗಾಲಲ್ಲಿ ಮೆರೆಯುವ ಆ ಕೋಟ್ಯಧಿಪತಿ ಹುಡುಗ ಒಳಗೆ ಹೋದಾಗ! ಆದರೆ ಪಕ್ಕದಲ್ಲಿ ನಿಂತಿದ್ದ ಪ್ರಾಣಿ ಆಗ ಮದುವೆ ಮಂಟಪದ ಬಾಗಿಲಿಗೆ ತಂದು ನಿಲ್ಲಿಸಿದ ಆನೆಯ ಹಾಗೆ ಕಂಡಿತು.

ಚಿಕ್ಕಪ್ಪನ ಮಗನೂ ನಾನೂ ಜಗಳವಿಲ್ಲದೆ ಒಪ್ಪೋದು ಒಂದೇ ಒಂದನ್ನು, ಕುರಿ! ಸರಣಿಯಲ್ಲಿರುವ ಇನ್ನೊಂದು ಪ್ರಾಣಿ, ಕಣ್ಣುಗುಡ್ಡೆಯಂಥದ್ದು, ಕುರಿಯ ಕಣ್ಣಲ್ಲಿ ಹೊಕ್ಕು ಕೂತು ಗಾಜಿನ ಆಚೆಯಿಂದ ಸುಮ್ನೆ ನೋಡುತ್ತದಲ್ಲ, ಅಲ್ಲಿ ಕತ್ತಲೂ ಇಲ್ಲ, ಹೊಗೆಯೂ ಇಲ್ಲ, ಟ್ಯೂಬ್‌ಲೈಟ್ ಬೆಳಕು. ಮೊದಲ ಸಲ ನೋಡಿದಾಗ ನಾನು ಎದ್ದು ಹೋಗಿ ಹಿಂಬಾಗಿಲ ಚಿಲಕ ಹಾಕಿ ಬಂದೆ. ಅದು ಏನು ಯೋಚನೆ ಮಾಡುತ್ತಿದೆ ಅಂತ ಯಾರಿಗೂ ಗೊತ್ತಿಲ್ಲ. ವೆಂಡಿ ಕರೆದರೂ ಅದು ಬರಲ್ಲ, ಬೇಕಾದರೆ ಬರೆದುಕೊಡುತ್ತೇನೆ.

ಎರಡನೇ ಸೀಸನ್ ಬರುತ್ತದಂತೆ. ನೋಡೇ ನೋಡುತ್ತೇನೆ. ಅದರಲ್ಲಿ ಒಂದೇ ಒಂದು ಸಲ ವೆಂಡಿ ಕರೆದಾಗ ಆ ದೊಡ್ಡ ಪ್ರಾಣಿ ಅವಳ ಕಡೆ ತಿರುಗಿ, ಬರದೆ, ಅಲ್ಲೇ ನಿಲ್ಲಬೇಕು. ಅಷ್ಟು ಮಾಡಲಿ ಸಾಕು, ಕರೆಂಟ್ ಹೋದರೂ ಮೊಬೈಲ್‌ನಲ್ಲಿ ನೋಡಿ ಮುಗಿಸುತ್ತೇನೆ.