ಓದುವ ಗಂಟೆ ಜಾಸ್ತಿ ಮಾಡಿದರೆ ಸಾಲದು

ನರ್ಸಿಂಗ್‌ನಲ್ಲಿ ಅಂಕ ಕಡಿಮೆ ಬಂದವರು ‘ದಿನಕ್ಕೆ ಇನ್ನೆರಡು ಗಂಟೆ ಜಾಸ್ತಿ ಓದಬೇಕು’ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನಾನು ಗದಗ ಹತ್ತಿರದ ಹಳ್ಳಿಯವಳು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಹುಬ್ಬಳ್ಳಿಯಲ್ಲಿ ಬಿಎಸ್ಸಿ ನರ್ಸಿಂಗ್ ಸೇರಿದ ಮೊದಲ ವರ್ಷವೇ ಅನಾಟಮಿ-ಫಿಸಿಯಾಲಜಿಯಲ್ಲಿ (ದೇಹದ ರಚನೆ ಮತ್ತು ಅದು ಕೆಲಸ ಮಾಡುವ ಬಗೆ) ಫೇಲಾದೆ. ಅವ್ವನಿಗೆ ಹೇಳಲು ಎರಡು ದಿನ ಧೈರ್ಯವೇ ಬರಲಿಲ್ಲ. ಓದಿದ್ದು ಕಡಿಮೆ ಇರಲಿಲ್ಲ, ರಾತ್ರಿ ಒಂದರವರೆಗೂ ಬಾಯಿಪಾಠ ಮಾಡುತ್ತಿದ್ದೆ ಅಲ್ವಾ!

ತಪ್ಪು ಎಲ್ಲಿದೆ ಎಂದು ತೋರಿಸಿದ್ದು ನಮ್ಮ ಮೇಡಂ ಒಬ್ಬರು, ಕಾಲೇಜಿನ ಒಳಪರೀಕ್ಷೆಯ ನನ್ನ ಉತ್ತರ ಪತ್ರಿಕೆ ಎದುರಿಗಿಟ್ಟುಕೊಂಡು. ಹೃದಯದ ರಕ್ತ ಸಂಚಾರದ ಪ್ರಶ್ನೆಗೆ ಸುಮ್ನೆ ಎರಡು ಪುಟ ತುಂಬಿಸಿದ್ದೆ, ಚಿತ್ರ ಬರೆದು ಭಾಗ ಗುರುತಿಸಿರಲಿಲ್ಲ, ಬಲ ಹೃತ್ಕುಕ್ಷಿಯಿಂದ (ಹೃದಯದ ಬಲಗಡೆಯ ಕೆಳಕೋಣೆ) ರಕ್ತ ಶ್ವಾಸಕೋಶಕ್ಕೆ ಹೋಗುತ್ತದೆ ಎನ್ನುವುದೇ ಉಲ್ಟಾ ಆಗಿತ್ತು. ಆಮೇಲೆ ಪ್ರತಿ ಪಾಠವನ್ನೂ ಮೊದಲು ಗೆಳತಿಗೆ ಕನ್ನಡದಲ್ಲಿ ವಿವರಿಸಿ, ನಂತರ ಪುಸ್ತಕ ಮುಚ್ಚಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಡ್ರಿಪ್ ಲೆಕ್ಕವೂ, ಅಂದರೆ ರೋಗಿಗೆ ಸಲೈನ್ ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು ಎನ್ನುವುದೂ, ಹಾಗೆಯೇ. 500 ಎಂಎಲ್ ಸಲೈನ್ 4 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಹಾಕುವ ಕೊಳವೆ ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 15 ಹನಿ ಎಂದರೆ ನಿಮಿಷಕ್ಕೆ ಸುಮಾರು 31 ಹನಿ. ಸೂತ್ರ ಎಷ್ಟು ಸಲ ಓದಿದರೂ ಮರೆಯುತ್ತಿತ್ತು, ವಾರ್ಡಿನಲ್ಲಿ ಗಡಿಯಾರ ಹಿಡಿದು ಹನಿ ಎಣಿಸಿದ ಮೇಲೆ ಮರೆತಿಲ್ಲ.

ಇನ್ನೊಂದು ಮಾತು, ಇದು ತಂದೆ ತಾಯಿಗೆ. ಮಗಳು ಒಂದು ವಿಷಯದಲ್ಲಿ ಫೇಲಾದ ತಕ್ಷಣ ಮನೆಗೆ ಕರೆಸಿ ಮದುವೆ ಮಾತು ತೆಗೆಯಬೇಡಿ. ನನ್ನ ಜೊತೆಗಿದ್ದವಳೊಬ್ಬಳು ಹಾಗೇ ಹಾವೇರಿಗೆ ಹೋದವಳು, ಮರುಪರೀಕ್ಷೆಗೂ ಬರಲಿಲ್ಲ.